ಆಪರೇಟರ್ ಇಲ್ಲದ ರಂಗಸ್ಥಳಕ್ಕೆ ಲೈಟಿನ ಕೈಪಿಡಿ (ವಾಮದಪದವು ಆವೃತ್ತಿ)

ಅಭಿನಂದನೆಗಳು! ಎಂಟು ಎಲ್‌ಇಡಿ ಪಾರ್ ಲೈಟುಗಳು ಈಗ ನಿಮ್ಮ ಸುಪರ್ದಿಯಲ್ಲಿವೆ. ಸ್ವಂತದ್ದಾದರೆ ಸಂತೋಷ. ಬಾಡಿಗೆಯದ್ದಾದರೆ ಬೆಳಗ್ಗೆ ವಾಪಸು ಕೊಡುವಾಗ ಎಣಿಸಿ ಕೊಡಿ. ಶಾಮಿಯಾನದ ಕುರ್ಚಿ ಒಂದು ಕಡಿಮೆಯಾದರೆ ಊರಲ್ಲಿ ಯಾರೂ ಕೇಳುವುದಿಲ್ಲ. ಲೈಟು ಕಡಿಮೆಯಾದರೆ ಮುಂದಿನ ಗಣೇಶೋತ್ಸವದವರೆಗೂ ಕೇಳುತ್ತಾರೆ.

ಪೆಟ್ಟಿಗೆಯೊಳಗೆ ಮಡಚಿದ ಕಾಗದ ಒಂದು ಸಿಗುತ್ತದೆ. ಒಂದು ಮಗ್ಗುಲಿಗೆ ಚೀನೀ ಭಾಷೆ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷಿನ ಹಾಗೆ ಕಾಣುವ ಎಂತದೋ ಒಂದು. ಹೊರಗಿನ ಕಂಟ್ರೋಲರ್ ಇಲ್ಲದೆ ಲೈಟು ಓಡಿಸುವ ಬಗ್ಗೆ ಅದರಲ್ಲಿ ನಾಲ್ಕು ಸಾಲು ಉಂಟು. ಆ ನಾಲ್ಕು ಸಾಲಿನಲ್ಲಿ ಚೆಂಡೆಯ ಬಗ್ಗೆಯಾಗಲಿ, ಜನರೇಟರಿನ ಬಗ್ಗೆಯಾಗಲಿ, ಹಾತೆಯ ಬಗ್ಗೆಯಾಗಲಿ, ಸಮಿತಿಯ ಗೌರವಾಧ್ಯಕ್ಷರ ಬಗ್ಗೆಯಾಗಲಿ ಒಂದಕ್ಷರ ಇಲ್ಲ. ಆದ್ದರಿಂದ ಈ ಕೈಪಿಡಿ.

ಯಾರಿಗೆ ಬೇಕು, ಯಾರಿಗೆ ಬೇಡ

ಕಟೀಲು ಯಕ್ಷಗಾನ ಮೇಳದ ಹರಕೆ ಆಟ ನಿಮ್ಮ ಗದ್ದೆಗೆ ಬರುವುದಾದರೆ ಇದನ್ನು ಮಡಚಿ ಕಿಸೆಗೆ ಹಾಕಿ. ದೊಡ್ಡ ಮೇಳಗಳು ರಂಗಸ್ಥಳದಿಂದ ಹಿಡಿದು ದೀಪದವರೆಗೆ ಎಲ್ಲವನ್ನೂ ಲಾರಿಯಲ್ಲೇ ತರುತ್ತವೆ. ‘ಶಿವದೂತೆ ಗುಳಿಗೆ’ಯಂಥ ತುಳು ನಾಟಕಕ್ಕೆ ಬೆಳಕಿನವರು ತಂಡದೊಟ್ಟಿಗೇ ಬರುತ್ತಾರೆ, ಅಲ್ಲಿ ಬೆಳಕೇ ಅರ್ಧ ಪಾತ್ರಧಾರಿ. ಮೆಹಂದಿ ಮನೆಯ ಡಿಜೆಯವನಲ್ಲಿ ಲ್ಯಾಪ್‌ಟಾಪು ಉಂಟು, ಲ್ಯಾಪ್‌ಟಾಪಿನ ಹಿಂದೆ ಅವನ ಭಾವ ಉಂಟು.

ಉಳಿದವರಿಗೆ ಬೇಕು. ಯುವಕ ಮಂಡಲದ ವಾರ್ಷಿಕೋತ್ಸವ, ಶಾಲೆಯ ವಾರ್ಷಿಕೋತ್ಸವ, ಶಾರದೋತ್ಸವ, ಭಜನಾ ಮಂಗಲೋತ್ಸವದ ರಾತ್ರಿಯ ಹವ್ಯಾಸಿಗಳ ಆಟ. ಇಲ್ಲೆಲ್ಲ ಲೈಟಿಗೆ ಪ್ರತ್ಯೇಕ ಆಪರೇಟರ್ ಎಂದರೆ ಖಜಾಂಚಿಗಳು ಎದ್ದು ಹೋಗುತ್ತಾರೆ. ಮೈಕಿನ ಹುಡುಗ ಒಬ್ಬನೇ. ಮೈಕು ಕಟ್ಟುವವನೂ ಅವನೇ, ಜನರೇಟರಿಗೆ ಡೀಸೆಲ್ ಹೊಯ್ಯುವವನೂ ಅವನೇ, ವೇದಿಕೆಯ ಹಿಂದೆ ಸುತ್ತಿಟ್ಟ ವಯರಿನ ಮೇಲೆ ಕೂತು ಊಟ ಮಾಡುವವನೂ ಅವನೇ. ಈ ಕೈಪಿಡಿಯಲ್ಲಿ ‘ನೀವು’ ಎಂದರೆ ಆ ಹುಡುಗ.

ಕಂಟ್ರೋಲರ್ ಎಂದರೆ ಎಂತದು ಎಂದು ಅಧ್ಯಕ್ಷರು ಕೇಳಿದರೆ ಇಷ್ಟು ಹೇಳಿ: 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಡಿಎಂಎಕ್ಸ್ 512 ಎಂಬ ಕ್ರಮವನ್ನು ತಂದಿತು. ಒಂದೇ ವಯರಿನಲ್ಲಿ 512 ಚಾನೆಲು, ಒಂದೊಂದು ಚಾನೆಲಿಗೆ ಸೊನ್ನೆಯಿಂದ 255ರವರೆಗೆ ಬೆಲೆ. ಕಂಟ್ರೋಲರಿನಲ್ಲಿ ಕೂತವನು ಗುಂಡಿ ಎಳೆದ ಹಾಗೆ ಆ ಬೆಲೆ ಬದಲಾಗಿ ದೂರದ ಲೈಟು ಕೆಂಪಾಗುತ್ತದೆ, ಹಸಿರಾಗುತ್ತದೆ. ಆ ಪೆಟ್ಟಿಗೆ ಕೊಳ್ಳುವುದು ದೊಡ್ಡ ಸಂಗತಿಯಲ್ಲ. ಅದರ ಎದುರು ರಾತ್ರಿಯಿಡೀ ಎಚ್ಚರವಿದ್ದು ಕೂರುವ ಮನುಷ್ಯ ಸಿಗುವುದು ಕಷ್ಟ. ಆದ್ದರಿಂದ ಕೂರುವವನ ಬುದ್ಧಿಯನ್ನು ಸಂಜೆಯೇ ಲೈಟಿನೊಳಗೆ ತುಂಬಿಸಿಡಬೇಕು. ನಮ್ಮ ಕೆಲಸ ಅಷ್ಟೇ.

ಗುಂಡಿಗಳು

ಲೈಟಿನ ಬೆನ್ನಿಗೆ ನಾಲ್ಕು ಗುಂಡಿ: ಮೆನು, ಅಪ್, ಡೌನ್, ಎಂಟರ್. ಮೇಲೆ ನಾಲ್ಕಕ್ಷರದ ಕೆಂಪು ಪರದೆ. ಒಂದೊಂದು ಅಕ್ಷರವೂ ಏಳು ಗೀಟಿನದ್ದು. ಏಳು ಗೀಟಿನಲ್ಲಿ ಇಂಗ್ಲಿಷಿನ ಎಂ ಬರೆಯಲಿಕ್ಕಾಗುವುದಿಲ್ಲ, ಡಬ್ಲ್ಯು ಬರೆಯಲಿಕ್ಕಾಗುವುದಿಲ್ಲ. ಎಸ್ ಬರೆದರೆ ಐದಾಗುತ್ತದೆ, ಓ ಬರೆದರೆ ಸೊನ್ನೆಯಾಗುತ್ತದೆ. ಸೌಂಡ್ ಮೋಡಿಗೆ ಕಂಪೆನಿಯವರು ಎಸ್-ಓ ಎಂದು ಬರೆದದ್ದನ್ನು ‘ಐವತ್ತು’ ಎಂದು ಓದಿಕೊಂಡವರು ಬಹಳ ಮಂದಿ. ‘ಅಣ್ಣ, ಇದನ್ನು ಐವತ್ತಕ್ಕೆ ಇಡುವುದಾ?’ ಎಂದು ಯಾರಾದರೂ ಕೇಳಿದರೆ ನಗಬೇಡಿ, ಬೇಡ ಅನ್ನಿ. ಯಾಕೆ ಬೇಡ ಎಂಬುದು ಮುಂದೆ ಬರುತ್ತದೆ.

ಮೆನು ಒತ್ತುತ್ತಾ ಹೋದರೆ ಒಂದೊಂದೇ ಮೋಡು ಬರುತ್ತದೆ. ಡಿ ಅಥವಾ ಎ ಅಕ್ಷರದ ಮುಂದೆ 001 ಎಂದು ಬಂದರೆ ಅದು ಕಂಟ್ರೋಲರಿಗಾಗಿ ಕಾಯುವ ಮೋಡು. ಅಲ್ಲಿ ಬಿಟ್ಟರೆ ಲೈಟು ಬಾರದ ಕಂಟ್ರೋಲರನ್ನು ಕಾಯುತ್ತಾ ಕತ್ತಲಲ್ಲೇ ಕೂರುತ್ತದೆ. ಮುಂದೆ ಒಂದೇ ಬಣ್ಣದಲ್ಲಿ ನಿಲ್ಲುವ ಮೋಡು, ತಾನಾಗಿ ಬಣ್ಣ ಬದಲಿಸುವ ಆಟೋ, ಸದ್ದಿಗೆ ಕುಣಿಯುವ ಸೌಂಡ್, ಇನ್ನೊಂದು ಲೈಟು ಹೇಳಿದ್ದನ್ನು ಕೇಳುವ ಸ್ಲೇವ್. ಹೆಸರೂ ಅನುಕ್ರಮವೂ ಕಂಪೆನಿಯಿಂದ ಕಂಪೆನಿಗೆ ಬೇರೆ. ಒಂದೇ ಕಂಪೆನಿಯ ಎರಡು ವರ್ಷದ ಮಾಲು ಕೂಡ ಒಂದೇ ತರ ಇರುತ್ತದೆ ಎಂದು ನಂಬಬೇಡಿ.

ಬೇಕಾದ ಮೋಡು ಸಿಕ್ಕಿದ ಕೂಡಲೇ ಎಂಟರ್ ಒತ್ತಿ. ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. ಎಂಟರ್ ಒತ್ತದಿದ್ದರೂ ಎಷ್ಟೋ ಲೈಟುಗಳು ಆ ಕ್ಷಣಕ್ಕೆ ಹೇಳಿದ ಬಣ್ಣವನ್ನೇ ತೋರಿಸುತ್ತವೆ. ನೀವು ಖುಷಿಯಿಂದ ಏಣಿ ಇಳಿಯುತ್ತೀರಿ. ರಾತ್ರಿ ಕರೆಂಟು ಹೋಗಿ ಜನರೇಟರ್ ಬಂದಾಗ ಲೈಟಿಗೆ ನೆನಪಿರುವುದು ಕೊನೆಯ ಬಾರಿ ಎಂಟರ್ ಒತ್ತಿ ಉಳಿಸಿದ್ದು ಮಾತ್ರ. ಅದು ಕಳೆದ ವಾರದ ಮೆಹಂದಿಯ ಪ್ರೋಗ್ರಾಂ ಆಗಿರಬಹುದು. ರಂಗದಲ್ಲಿ ದಮಯಂತಿ ನಡುಕಾಡಿನಲ್ಲಿ ಅಳುತ್ತಿರುವಾಗ ನೇರಳೆ, ಗುಲಾಬಿ, ನೇರಳೆ, ಗುಲಾಬಿ ಎಂದು ಶುರುವಾದರೆ ದಮಯಂತಿಯ ಶಾಪ ನಿಮಗೇ ತಟ್ಟುತ್ತದೆ. ಆದ್ದರಿಂದ ಎಂಟರ್ ಒತ್ತಿದ ಮೇಲೆ ಪ್ಲಗ್ಗು ಕೀಳಿ, ಹತ್ತು ಎಣಿಸಿ, ಪುನಃ ಹಾಕಿ. ಇಟ್ಟ ಬಣ್ಣವೇ ಬಂದರೆ ಆ ಲೈಟು ಪಾಸು. ಮೆಸ್ಕಾಂ ರಾತ್ರಿ ಮಾಡಲಿರುವ ಪರೀಕ್ಷೆಯನ್ನು ನೀವು ಸಂಜೆಯೇ ಮಾಡಿಟ್ಟಂತಾಯಿತು.

ಸೌಂಡ್ ಮೋಡು, ಅಥವಾ ಐವತ್ತರ ಮಹಿಮೆ

ಲೈಟಿನೊಳಗೆ ಕಡಲೆಕಾಳಿನಷ್ಟು ದೊಡ್ಡ ಮೈಕೊಂದಿರುತ್ತದೆ. ಸದ್ದು ಒಂದು ಮಟ್ಟ ದಾಟಿದರೆ ಅದು ಬಣ್ಣ ಬದಲಿಸಲು ಹೇಳುತ್ತದೆ. ಅದನ್ನು ಮಾಡಿದವರ ತಲೆಯಲ್ಲಿದ್ದದ್ದು ಡಿಸ್ಕೋ. ದಪ್‌ ದಪ್‌ ಎಂದು ಒಂದೇ ಹದಕ್ಕೆ ಬೀಳುವ ಡ್ರಮ್ಮು. ತೆಂಕುತಿಟ್ಟಿನ ಚೆಂಡೆ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಏರು ಪದ್ಯಕ್ಕೆ ಚೆಂಡೆ ಏರಿದಾಗ ಪೆಟ್ಟು ಪೆಟ್ಟಿಗೂ ಬಣ್ಣ ಬದಲಾಗಿ, ಕಡೆಗೆ ಯಾವ ಬಣ್ಣವೂ ಕಾಣದೆ ಬರೀ ನಡುಕ ಉಳಿಯುತ್ತದೆ. ವೇಷಧಾರಿ ಗಿರಕಿ ಹೊಡೆಯುತ್ತಿದ್ದಾರೋ ಲೈಟು ಹೊಡೆಯುತ್ತಿದೆಯೋ ಎಂಬುದು ಮುಂದಿನ ಸಾಲಿನವರಿಗೂ ಗೊತ್ತಾಗುವುದಿಲ್ಲ. ಇದಾದರೂ ಸಹಿಸಬಹುದು. ಚೆಂಡೆ ನಿಂತು ಅರ್ಥದ ಮಾತು ಶುರುವಾಯಿತು ಅನ್ನಿ. ಸದ್ದಿಲ್ಲದಿದ್ದರೆ ಕೆಲವು ಲೈಟುಗಳು ಪೂರ್ತಿ ಆರಿಯೇ ಬಿಡುತ್ತವೆ. ಕರ್ಣ ತನ್ನ ಹುಟ್ಟಿನ ನೋವನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದರೆ ರಂಗಸ್ಥಳ ಕತ್ತಲೆ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರೆ ಒಂದು ಹಸಿರು. ಮಗು ಅತ್ತರೆ ಒಂದು ಕೆಂಪು. ‘ಉಂದು ದಾದ ಮಾರಾಯ?’ ಎಂದು ಕೇಳಿದವರ ದನಿಗೆ ಒಂದು ನೀಲಿ. ಜನರೇಟರನ್ನು ವೇದಿಕೆಯ ಬೆನ್ನಿಗೇ ಇಟ್ಟಿದ್ದರೆ ಬೇರೆಯೇ ಕಥೆ: ಚೆಂಡೆ, ಮದ್ದಳೆ, ಭಾಗವತರು ಎಲ್ಲರನ್ನೂ ಬಿಟ್ಟು ಲೈಟು ಡೀಸೆಲ್ ಎಂಜಿನ್ನಿನ ತಾಳಕ್ಕೆ ಕುಣಿಯುತ್ತದೆ.

ಸಭಾ ಕಾರ್ಯಕ್ರಮಕ್ಕೆ ಈ ಮೋಡು ಇನ್ನೂ ಅಪಾಯ. ಸ್ವಾಗತ ಭಾಷಣದಲ್ಲಿ ‘ಸನ್ಮಾನ್ಯ’ ಎಂದು ಒತ್ತಿ ಹೇಳಿದಾಗಲೆಲ್ಲ ವೇದಿಕೆಯ ಗಣ್ಯರ ಮುಖ ಬಣ್ಣ ಬದಲಿಸುತ್ತದೆ. ಚುನಾವಣೆ ಹತ್ತಿರವಿದ್ದರೆ ಯಾವ ಪಕ್ಷದವರ ಮುಖಕ್ಕೆ ಯಾವ ಬಣ್ಣ ಬಿತ್ತು ಎಂಬುದರ ಫೋಟೋ ಮರುದಿನ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಬೇಕೆಂತಲೇ ಹಾಗೆ ಮಾಡಿದ್ದಲ್ಲ ಎಂದು ನೀವು ಕಾರಿಂಜದ ದೇವರ ಮೇಲೆ ಆಣೆ ಇಟ್ಟರೂ ಯಾರೂ ನಂಬುವುದಿಲ್ಲ.

ಸೌಂಡ್ ಮೋಡಿನ ಸರಿಯಾದ ಉಪಯೋಗ ಗಣೇಶನ ವಿಸರ್ಜನೆಯ ಟ್ಯಾಬ್ಲೋ ಮೇಲೆ, ಅದೂ ರಾತ್ರಿ ಹತ್ತರ ಒಳಗೆ.

ಆಟೋ

ಇದು ಸದ್ದು ಕೇಳುವುದಿಲ್ಲ. ತನ್ನೊಳಗಿನ ಗಡಿಯಾರ ನೋಡಿಕೊಂಡು ಬಣ್ಣ ಬದಲಿಸುತ್ತಾ ಹೋಗುತ್ತದೆ. ವೇಗ ನಿಮ್ಮ ಕೈಯಲ್ಲಿ.

ತೊಂದರೆ ಏನೆಂದರೆ ಎಂಟು ಲೈಟಿಗೆ ಎಂಟು ಗಡಿಯಾರ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮೊದಲ ಹತ್ತು ನಿಮಿಷ ಕವಾಯತು ಮಾಡಿದ ಹಾಗೆ ಚಂದ ಕಾಣುತ್ತದೆ. ಎರಡು ಗಡಿಯಾರದ ನಡುವೆ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ ಗಂಟೆಗೆ ಮೂರೂವರೆ ಸೆಕೆಂಡಿಗಿಂತ ಹೆಚ್ಚು ಅಂತರ ಬೀಳುತ್ತದೆ. ಚೌಕಿಯಿಂದ ಎರಡನೇ ವೇಷ ಹೊರಡುವ ಹೊತ್ತಿಗೆ ಎಡಗಡೆ ಕೆಂಪು, ಬಲಗಡೆ ಹಸಿರು, ನಡುವೆ ನಿಂತ ದೇವೇಂದ್ರನ ಅರ್ಧ ಮುಖ ಇತ್ತ, ಅರ್ಧ ಅತ್ತ. ಆಟೋ ಬೇಕೇ ಬೇಕು ಎಂದಾದರೆ ಲೈಟುಗಳನ್ನು ವಯರಿನಿಂದ ಬೆಸೆದು ಒಂದನ್ನು ಯಜಮಾನ ಮಾಡಬೇಕು. ಅದು ಮುಂದಿನ ಮಾತು.

ಯಜಮಾನ ಯಾರು

ಹಿಮ್ಮೇಳದಲ್ಲಿ ಭಾಗವತರಿದ್ದ ಹಾಗೆ ಲೈಟಿನ ಸಾಲಿಗೂ ಒಬ್ಬ ಮಾಸ್ಟರ್ ಬೇಕು. ತಾಳ ಹಿಡಿಯುವುದು ಅವನೊಬ್ಬನೇ. ಉಳಿದವರು ಅವನನ್ನು ಅನುಸರಿಸುತ್ತಾರೆ. ಮಾಸ್ಟರಿನ ಔಟ್‌ನಿಂದ ಎರಡನೆಯದರ ಇನ್‌ಗೆ, ಅದರ ಔಟ್‌ನಿಂದ ಮೂರನೆಯದಕ್ಕೆ, ಹೀಗೆ ಕಡೆಯವರೆಗೆ. ಮಾಸ್ಟರನ್ನು ಆಟೋಗೋ ಒಂದು ಬಣ್ಣಕ್ಕೋ ಇಟ್ಟು ಉಳಿದ ಏಳನ್ನೂ ಸ್ಲೇವ್ ಮಾಡಿ. ಸ್ಲೇವ್ ಎಂಬ ಹೆಸರಿನ ಮೋಡು ಇಲ್ಲದ ಲೈಟಾದರೆ ಕಂಟ್ರೋಲರಿಗೆ ಕಾಯುವ ಮೋಡಿನಲ್ಲಿ 001ಕ್ಕೆ ಇಟ್ಟರೆ ಹೆಚ್ಚಾಗಿ ಕೇಳುತ್ತದೆ. ಒಳಗುಟ್ಟು ಇಷ್ಟೇ: ಆ ಒಂದು ಲೈಟು ತಾನೇ ಸಣ್ಣ ಕಂಟ್ರೋಲರಾಗಿ ವಯರಿನ ಮೇಲೆ ಡಿಎಂಎಕ್ಸ್ ಮಾತಾಡುತ್ತಿರುತ್ತದೆ.

ಒಂದು ಸಾಲಿಗೆ ಒಬ್ಬನೇ ಮಾಸ್ಟರ್. ಈಚೆಗೆ ಇಬ್ಬರು ಭಾಗವತರ ದ್ವಂದ್ವ ಹಾಡುಗಾರಿಕೆಗೆ ಜನ ಮುಗಿಬೀಳುತ್ತಾರೆ, ಸರಿ. ಲೈಟಿನಲ್ಲಿ ದ್ವಂದ್ವ ನಡೆಯುವುದಿಲ್ಲ. ಎರಡು ಮಾಸ್ಟರು ಒಂದೇ ವಯರಿನಲ್ಲಿ ಮಾತಾಡಿದರೆ ಉಳಿದ ಆರು ಲೈಟು ಕಂಗಾಲಾಗಿ ಮಿಣಕುತ್ತವೆ. ಊರಿನ ಸಮಿತಿಗಳಲ್ಲಿ ಇದು ಹೇಗೆ ಆಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಬೇರೆ ಕಂಪೆನಿಯ ಲೈಟುಗಳನ್ನು ಒಂದು ಸಾಲಿಗೆ ಕಟ್ಟುವ ಮುಂಚೆ ಎರಡು ಸಲ ಯೋಚಿಸಿ. ಒಂದರಲ್ಲಿ ಮೊದಲ ಚಾನೆಲ್ ಎಂದರೆ ಒಟ್ಟು ಬೆಳಕಿನ ಪ್ರಮಾಣ, ಎರಡನೆಯದು ಕೆಂಪು. ಇನ್ನೊಂದರಲ್ಲಿ ಮೊದಲನೆಯದೇ ಕೆಂಪು. ಮಾಸ್ಟರ್ ‘ಬೆಳಕು ಪೂರ್ತಿ’ ಎಂದದ್ದನ್ನು ಇದು ‘ಕೆಂಪು ಪೂರ್ತಿ’ ಎಂದು ಕೇಳಿಸಿಕೊಂಡು ರಾತ್ರಿಯಿಡೀ ಕೆಂಪಗೆ ಉರಿಯುತ್ತದೆ. ಕೆಟ್ಟುಹೋಗಿದೆ ಎಂದು ಬಿಚ್ಚಬೇಡಿ. ಅದು ಕೆಟ್ಟಿಲ್ಲ, ಅದರ ಭಾಷೆ ಬೇರೆ.

ವಯರಿನ ವಿಷಯ. ಮೂರು ಪಿನ್ನಿನ ಮೈಕ್ ವಯರು ಲೈಟಿಗೂ ಸಿಕ್ಕಿಕೊಳ್ಳುತ್ತದೆ; ಸಿಕ್ಕಿಕೊಳ್ಳುವುದನ್ನೆಲ್ಲ ಸಿಕ್ಕಿಸುವುದು ನಮ್ಮ ಸ್ವಭಾವ. ಗಿಡ್ಡ ಸಾಲಿಗೆ ಮೈಕ್ ವಯರು ನಡೆಯುತ್ತದೆ. ಗದ್ದೆಯ ಈ ತುದಿಯಿಂದ ಆ ತುದಿಗೆ ಎಳೆದರೆ ಕಡೆಯ ಲೈಟುಗಳು ಭೂತ ಹಿಡಿದ ಹಾಗೆ ಆಡುತ್ತವೆ. ಹೋದ ಸಂಕೇತ ತುದಿಗೆ ಬಡಿದು ಹಿಂದೆ ಬರುವುದೇ ಕಾರಣ. ಕಡೆಯ ಲೈಟಿನ ಔಟ್‌ಗೆ, ಎರಡು ಮತ್ತು ಮೂರನೇ ಪಿನ್ನಿನ ನಡುವೆ 120 ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿದ ಪ್ಲಗ್ಗೊಂದನ್ನು ಚುಚ್ಚಿದರೆ ಭೂತ ಇಳಿಯುತ್ತದೆ. ರೆಸಿಸ್ಟರಿಗೆ ಚಿಲ್ಲರೆ ಕಾಸು. ತರಲಿಕ್ಕೆ ಮೂಡುಬಿದಿರೆಗೋ ಬಿ.ಸಿ. ರೋಡಿಗೋ ಹೋಗುವ ಬಸ್ಸಿನ ಚಾರ್ಜೇ ಅದಕ್ಕಿಂತ ಹೆಚ್ಚು.

ಲೈಟಿನ ವಯರನ್ನು ಮಾತ್ರ ತಪ್ಪಿಯೂ ಮಿಕ್ಸರಿಗೆ ಚುಚ್ಚಬೇಡಿ. ಕಂಡೆನ್ಸರ್ ಮೈಕಿಗೆಂದು ಮಿಕ್ಸರು 48 ವೋಲ್ಟ್ ಕಳಿಸುತ್ತದೆ. ಐದು ವೋಲ್ಟಿನಲ್ಲಿ ಪಿಸುಗುಟ್ಟುವ ಲೈಟಿನ ಚಿಪ್ಪಿಗೆ ಅದು ತಲೆಗೆ ಬಡಿದಂತೆ. ಸಾಲಿನ ಲೈಟುಗಳಿಗೆ ಒಂದೇ ಏಟಿಗೆ ಮಂಗಳ ಹಾಡಿದ ಹಾಗಾಗಬಹುದು. ಗುರುತಿಗೆ ಲೈಟಿನ ವಯರಿಗೆ ಹಳದಿ ಇನ್ಸುಲೇಶನ್ ಟೇಪು ಸುತ್ತಿಡಿ.

ಸೆಕೆಂಡ್ ಲೆಕ್ಕದ ಪ್ರೋಗ್ರಾಂ

ಸ್ವಲ್ಪ ದುಬಾರಿ ಲೈಟುಗಳಲ್ಲಿ ನಿಮ್ಮದೇ ದೃಶ್ಯಗಳನ್ನು ಬರೆದು ಉಳಿಸಬಹುದು. ಮೊದಲ ದೃಶ್ಯ ಇಂಥ ಬಣ್ಣ, ಇಷ್ಟು ಸೆಕೆಂಡ್. ಎರಡನೆಯದು ಇಂಥದ್ದು, ಇಷ್ಟು. ಪ್ಲಗ್ಗು ಹಾಕಿದ ಕೂಡಲೇ ಒಂದನೆಯದರಿಂದ ಶುರು.

ಶಾಲೆಯ ವಾರ್ಷಿಕೋತ್ಸವಕ್ಕೆ ಇದು ಹೇಳಿ ಮಾಡಿಸಿದ್ದು. ಸಿನಿಮಾ ಹಾಡಿನ ಉದ್ದ ನಿನ್ನೆಯೂ ಇವತ್ತೂ ಅಷ್ಟೇ. ಟೀಚರು ಪೆನ್‌ಡ್ರೈವ್ ಕೊಟ್ಟ ದಿನವೇ ಹಾಡು ಕೇಳಿ ಪಲ್ಲವಿಗೆ ಒಂದು, ಚರಣಕ್ಕೆ ಒಂದು ಬಣ್ಣ ಬರೆದಿಟ್ಟು, ಹಾಡು ಶುರುವಾಗುವಾಗ ಸ್ವಿಚ್ಚು ಹಾಕಿದರೆ ಮುಗಿಯಿತು. ಲೈಟು ಎಚ್ಚರಗೊಳ್ಳಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟು ಮುಂಚಿತವಾಗಿ ಹಾಕಿ. ಪೆನ್‌ಡ್ರೈವಿನಲ್ಲಿ ಹಾಡು ಸಿಗದೆ ಹುಡುಕಾಟ ಶುರುವಾದರೆ ಅದಕ್ಕೆ ಈ ಕೈಪಿಡಿ ಹೊಣೆಯಲ್ಲ.

ಯಕ್ಷಗಾನಕ್ಕೆ ಇದು ನಡೆಯುವುದಿಲ್ಲ. ಇಂದು ನಾಲ್ಕು ನಿಮಿಷಕ್ಕೆ ಮುಗಿದ ಪದ್ಯ ನಾಳೆ ಹತ್ತಕ್ಕೂ ಮುಗಿಯುವುದಿಲ್ಲ. ಭಾಗವತರಿಗೆ ರಾಗ ಹಿಡಿಸಿತು, ಆಲಾಪನೆ ಬೆಳೆಯಿತು. ಪುಂಡು ವೇಷದ ಹುಡುಗನಿಗೆ ಚಪ್ಪಾಳೆ ಬಿತ್ತು, ಇನ್ನೂ ನಾಲ್ಕು ಗಿರಕಿ ಹಾಕಿದ. ಇದಿರು ವೇಷದವರು ಕೆಣಕಿದರು, ವಾದ ಅರ್ಧ ಗಂಟೆ ಹೋಯಿತು. ಇಲ್ಲಿ ಬರೆದಿಟ್ಟ ಮಾತಿಲ್ಲ, ಗಂಟೆಗಟ್ಟಲೆ ರಿಹರ್ಸಲ್ ಇಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ಒಂದು ಮಾತು ಆಡಿಕೊಂಡು ಬಂದವರು ರಂಗದಲ್ಲಿ ಕಥೆ ಕಟ್ಟುತ್ತಾರೆ. ಅಂಥವರ ಬೆನ್ನಿಗೆ ಸೆಕೆಂಡ್ ಲೆಕ್ಕದ ಲೈಟು ಕಟ್ಟಿದರೆ ಅಭಿಮನ್ಯು ಚಕ್ರವ್ಯೂಹದ ಬಾಗಿಲಿಗೆ ಬರುವ ಮುಂಚೆಯೇ ಲೈಟು ಅವನನ್ನು ಕೊಂದು, ಕೆಂಪು ಮುಗಿಸಿ, ಮಂಗಳದ ಬಿಳಿಗೆ ಬಂದು ಕಾಯುತ್ತಿರುತ್ತದೆ.

ಹಾಗಾದರೆ ಏನು ಮಾಡುವುದು

ಒಂದು ಬಣ್ಣಕ್ಕೆ ನಿಲ್ಲಿಸಿ. ಈ ಕೈಪಿಡಿ ಹೇಳಬೇಕೆಂದಿರುವುದು ಇದನ್ನೇ; ಉಳಿದದ್ದೆಲ್ಲ ನೀವು ಬೇರೆ ಮೋಡುಗಳನ್ನು ಒತ್ತದಿರಲಿ ಎಂದು ಬರೆದದ್ದು.

ನಮ್ಮ ಹಿರಿಯರ ರಂಗಸ್ಥಳಕ್ಕೂ ಕಂಟ್ರೋಲರ್ ಇರಲಿಲ್ಲ. ಎರಡು ಕಡೆ ದೊಂದಿ, ಎಣ್ಣೆ ಹೊಯ್ಯಲು ಒಬ್ಬ. ಬೆಳಕು ಅಲುಗಿದರೆ ಗಾಳಿಗೆ ಅಲುಗಿತು. ಆಮೇಲೆ ಗ್ಯಾಸ್‌ಲೈಟು ಬಂತು, ಟ್ಯೂಬ್‌ಲೈಟು ಬಂತು. ಮರದ ಆಭರಣಕ್ಕೆ ಬೇಗಡೆ ಅಂಟಿಸಿದ್ದು, ಕಿರೀಟಕ್ಕೆ ಕನ್ನಡಿ ಚೂರು ಕೂರಿಸಿದ್ದು, ಬಣ್ಣದ ವೇಷದ ಮುಖದ ತುಂಬ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟದ್ದು ಎಲ್ಲ ಆ ಮಂದ ಹಳದಿ ಬೆಳಕಿಗೆ ಹೊಳೆಯಲಿ ಎಂದು. ಆ ಚುಟ್ಟಿಯ ಮೇಲೆ ನೀಲಿ ಲೈಟು ಬಿಟ್ಟು ನೋಡಿ: ತಾಸುಗಟ್ಟಲೆ ಕೂತು ಇಟ್ಟ ಒಂದೊಂದು ಬಿಳಿ ಮುಳ್ಳೂ ನೀಲಿಯಾಗಿ, ಕೆಂಪು ಕಪ್ಪಾಗಿ, ಮಹಿಷಾಸುರ ಮುಖಕ್ಕೆ ಮಸಿ ಬಳಿದುಕೊಂಡವನ ಹಾಗೆ ಕಾಣುತ್ತಾನೆ. ಹಸಿರು ಲೈಟಿನಲ್ಲಿ ಕೆಂಪು ದಗಲೆ ಕಪ್ಪು. ಕೆಂಪು ಲೈಟಿನಲ್ಲಿ ಕೆಂಪೂ ಬಿಳಿಯೂ ಒಂದೇ. ಬಣ್ಣ ವೇಷದ ಮೇಲೆ ಈಗಾಗಲೇ ಉಂಟು, ನೀವು ಇನ್ನೊಂದು ಬಳಿಯುವುದು ಬೇಡ.

ನೀಲಿ ಎಲ್‌ಇಡಿಯ ಶೋಧಕ್ಕೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದಕ್ಕೆ ಗೌರವ ಕೊಡಲೆಂದೋ ಏನೋ, ಎಲ್ಲ ವೇದಿಕೆಯೂ ನೀಲಿಯಾಗಿದೆ. ನೀವು ಅದನ್ನು ಕಡಿಮೆ ಮಾಡಿ. ಕೆಂಪು 255, ಹಸಿರು 140, ನೀಲಿ 30 ಇಟ್ಟರೆ ದೊಂದಿಯ ಬೆಳಕಿಗೆ ಹತ್ತಿರದ ಬಣ್ಣ ಬರುತ್ತದೆ. ಲೈಟಿನಿಂದ ಲೈಟಿಗೆ ವ್ಯತ್ಯಾಸ ಇರುವುದರಿಂದ ಹಸಿರನ್ನು ಸ್ವಲ್ಪ ಆಚೀಚೆ ಮಾಡಿ. ನೋಡಬೇಕಾದ್ದು ಬಿಳಿ ಗೋಡೆಯನ್ನಲ್ಲ, ವೇಷ ಕಟ್ಟಿದ ಒಬ್ಬರ ಮುಖವನ್ನು. ಚೌಕಿಗೆ ಹೋಗಿ ‘ಒಮ್ಮೆ ಬನ್ನಿ ಅಣ್ಣ’ ಎಂದು ಕರೆದರೆ ಯಾರೂ ಬೇಡ ಅನ್ನುವುದಿಲ್ಲ. ಬೋನಸ್ಸು ಒಂದುಂಟು. ಹುಳಗಳಿಗೆ ನೀಲಿ ಬೆಳಕಿನ ಮೇಲೆ ಮೋಹ ಹೆಚ್ಚು, ಹಳದಿಯ ಮೇಲೆ ಕಡಿಮೆ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದ ರಾತ್ರಿ ಹಾತೆ ಎದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ತಾರಕದಲ್ಲಿ ಬಾಯಿ ತೆರೆದ ಭಾಗವತರು ನಿಮ್ಮನ್ನು ಹರಸುತ್ತಾರೆ.

ಬೆಳಕು ಹೆಚ್ಚಾಯಿತು ಅನಿಸಿದರೆ ಬೆಲೆ ಇಳಿಸುವ ಬದಲು ಎರಡು ಲೈಟು ಆರಿಸಿ. ಅಗ್ಗದ ಎಲ್‌ಇಡಿ ಲೈಟುಗಳು ಮಂದವಾಗುವುದೆಂದರೆ ಕಣ್ಣಿಗೆ ತಿಳಿಯದ ವೇಗದಲ್ಲಿ ಆರಿ ಹೊತ್ತುವುದು. ಕಣ್ಣಿಗೆ ತಿಳಿಯದಿದ್ದರೂ ಮೊಬೈಲಿಗೆ ತಿಳಿಯುತ್ತದೆ. ಮಗುವಿನ ಡ್ಯಾನ್ಸಿನ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡಾಡಿದರೆ ತಾಯಂದಿರು ಹೆಡ್‌ಮಾಸ್ಟ್ರ ಹತ್ತಿರ ಹೋಗುವುದಿಲ್ಲ, ನೇರ ನಿಮ್ಮ ಹತ್ತಿರ ಬರುತ್ತಾರೆ.

ಇಡುವ ಜಾಗ: ಲೈಟನ್ನು ನೆತ್ತಿಯ ಮೇಲೆ ಕಟ್ಟಿದರೆ ಕಿರೀಟದ ನೆರಳು ಮುಖದ ಮೇಲೆ ಬಿದ್ದು ಅರ್ಜುನ ರಾತ್ರಿಯಿಡೀ ಕತ್ತಲಲ್ಲಿ ಅರ್ಥ ಹೇಳುತ್ತಾನೆ. ಎರಡು ಕಡೆಯಿಂದ, ತಲೆಗಿಂತ ಸ್ವಲ್ಪ ಮೇಲೆ, ಅಷ್ಟು ಸಾಕು.

ಈಗ ಎಂಟನ್ನು ಮೂರು ಪಾಲು ಮಾಡಿ. ಐದು ಲೈಟು ದೊಂದಿ ಬಣ್ಣಕ್ಕೆ, ಇಡೀ ರಾತ್ರಿಗೆ. ಎರಡು ಅಪ್ಪಟ ಕೆಂಪಿಗೆ. ಒಂದು ನೀಲಿಗೆ, ಹಿಂದಿನ ಪರದೆಯ ಕಡೆ ತಿರುಗಿಸಿ. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಒಂದು ಪೆಟ್ಟಿಗೆಯ ಮೇಲೆ ಮೂರು ಸ್ವಿಚ್ಚು ಕೂರಿಸಿ ನಿಮ್ಮ ಕುರ್ಚಿಯ ಹತ್ತಿರ ಇಟ್ಟುಕೊಂಡರೆ ಆಯಿತು. ಬಣ್ಣದ ಬುದ್ಧಿ ಲೈಟಿನೊಳಗೆ, ಹೊತ್ತಿನ ಬುದ್ಧಿ ನಿಮ್ಮ ಬೆರಳಿನಲ್ಲಿ. ದೇವಿಮಹಾತ್ಮೆಯಲ್ಲಿ ಮಹಿಷಾಸುರ ಜನರ ನಡುವಿನಿಂದ ದೊಂದಿ, ರಾಳದ ಬೆಂಕಿ, ಗರ್ನಾಲಿನೊಟ್ಟಿಗೆ ಬರುವಾಗ ನೀವು ಮಾಡಬೇಕಾದ್ದು ಒಂದೇ: ವಿದ್ಯುತ್ತಿನ ಎಲ್ಲ ಲೈಟನ್ನೂ ಆರಿಸಿ ಕೈಕಟ್ಟಿ ಕೂರುವುದು. ಅವನು ರಂಗ ಹತ್ತಿದ ಮೇಲೆ ಕೆಂಪು ಹಾಕಿ. ಲೈಟಿನ ಎಚ್ಚರಕ್ಕೆ ಬೇಕಾದ ಒಂದೆರಡು ಸೆಕೆಂಡನ್ನು ಮುಂಚಿತವಾಗಿ ಹಿಡಿಯಲು ಚೆಂಡೆಯ ಬಿಡ್ತಿಗೆಯ ಪೆಟ್ಟು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಪ್ರಸಂಗ ಗೊತ್ತಿರುವ ಅಜ್ಜ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಈಗ ಹಾಕು ಮಗಾ’ ಎಂದು ಅವರು ತೊಡೆ ತಟ್ಟುವುದಕ್ಕಿಂತ ಒಳ್ಳೆಯ ಕಂಟ್ರೋಲರನ್ನು ಯಾವ ಕಂಪೆನಿಯೂ ಇನ್ನೂ ಮಾಡಿಲ್ಲ. ಅಜ್ಜನಿಗೆ ನಿದ್ದೆ ಬಾರದ ಹಾಗೆ ಚಹಾ ಕೊಡುವುದು ಸಮಿತಿಯ ಖರ್ಚು.

ಇದು ನಗುವ ವಿಷಯವಲ್ಲ

ಲೈಟಿನ ಮೈ ತಗಡು, ಗದ್ದೆ ಇಬ್ಬನಿಗೆ ಒದ್ದೆ, ವೇಷಧಾರಿಯ ಕಾಲಲ್ಲಿ ಗೆಜ್ಜೆ. ಅರ್ತಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿನಿಂದ ಲೈಟು ಹಚ್ಚಬೇಡಿ. ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಯೇ ಹಾಕಿ. ಅದು ಪದೇ ಪದೇ ಬೀಳುತ್ತದೆ ಎಂದು ಬದಿಗಿಟ್ಟು ನೇರ ಜೋಡಿಸಬೇಡಿ, ಬೀಳುವುದು ಎಲ್ಲೋ ಸೋರುತ್ತಿದೆ ಎಂದು ಹೇಳಲಿಕ್ಕೆ. ಮೇಲೆ ಕಟ್ಟಿದ ಪ್ರತಿ ಲೈಟಿಗೂ ಬೋಲ್ಟಲ್ಲದೆ ಇನ್ನೊಂದು ಉಕ್ಕಿನ ಸರಪಳಿ ಇರಲಿ. ಪದವಿನ ಗಾಳಿಗೆ ಬೋಲ್ಟು ಸಡಿಲಾಗುವುದು ಕೆಳಗೆ ಕೂತವರಿಗೆ ಕಾಣುವುದಿಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಸ್ಟ್ರೋಬು ಅಪಸ್ಮಾರ ಇರುವ ಕೆಲವರಿಗೆ ಅಪಾಯ. ರಕ್ತಬೀಜನ ಯುದ್ಧಕ್ಕೂ ಅದು ಬೇಡ.

ದೂರುಗಳು ಮತ್ತು ಉತ್ತರ

‘ಲೈಟು ಸತ್ತಿದೆ.’ ಮೊದಲು ಪ್ಲಗ್ಗು ನೋಡಿ, ಫ್ಯೂಸು ನೋಡಿ, ಆಮೇಲೆ ಪರದೆ ನೋಡಿ. ಪರದೆಯಲ್ಲಿ 001 ಇದ್ದರೆ ಅದು ಸತ್ತಿಲ್ಲ, ಕಾಯುತ್ತಿದೆ.

‘ಒಂದೇ ಬಣ್ಣ ಎಂತಕ್ಕೆ? ಪಕ್ಕದ ಊರಿನಲ್ಲಿ ಕಲರ್ ಕಲರ್ ಇತ್ತಲ್ಲ?’ ಇದು ಲೈಟಿನ ದೋಷವಲ್ಲ, ಗೌರವಾಧ್ಯಕ್ಷರ ದೂರು. ಎದುರು ಮಾತಾಡಬೇಡಿ. ‘ಹೌದು ಧಣಿ, ಸಭೆ ಮುಗಿದ ಮೇಲೆ ಹಾಕುವ’ ಅನ್ನಿ. ಅವರು ಸಭೆ ಮುಗಿದು ಶಾಲು ಸಿಕ್ಕಿದ ಮೇಲೆ ಇರುವುದಿಲ್ಲ.

‘ಯಾರೋ ಗುಂಡಿ ಒತ್ತಿದ್ದಾರೆ.’ ಒತ್ತಿಯೇ ಒತ್ತುತ್ತಾರೆ. ಕೆಲವು ಲೈಟುಗಳಲ್ಲಿ ಗುಂಡಿ ಬೀಗ ಹಾಕುವ ಸೌಕರ್ಯ ಉಂಟು. ಇಲ್ಲದಿದ್ದಲ್ಲಿ ಗುಂಡಿಗಳ ಮೇಲೆ ಅಗಲದ ಟೇಪು ಹಚ್ಚಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಕಟ್ಟಿ. ಯುವಕ ಮಂಡಲದವರ ಕೈಗೆ ಎಟುಕದ ಎತ್ತರ ಈ ಭೂಮಿಯ ಮೇಲೆ ಇಲ್ಲ.

ಪತ್ತನಾಜೆಯ ನಂತರ

ಮೇ ಕಡೆಯ ವಾರ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಿಮ್ಮ ಲೈಟಿಗೂ ರಜೆ. ಮುಂದೆ ನಾಲ್ಕು ತಿಂಗಳ ಮಳೆ. ಅಟ್ಟದ ಮೇಲೆ ಹಾಗೇ ಎಸೆದರೆ ಹಲ್ಲಿ ಒಳಗೆ ಸಂಸಾರ ಹೂಡುತ್ತದೆ, ಫ್ಯಾನಿಗೆ ಇರುವೆ ಗೂಡು ಕಟ್ಟುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬ್ರಷ್ಷಿನಿಂದ ಧೂಳು ತೆಗೆದು, ಒಂದು ದಿನ ಬಿಸಿಲಿಗಿಟ್ಟು, ಒಳಗಿನ ತೇವ ಹೋದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ. ಆಟಿ ತಿಂಗಳಲ್ಲಿ ಒಮ್ಮೆಯಾದರೂ ಹೊರಗೆ ತೆಗೆದು ಅರ್ಧ ಗಂಟೆ ಉರಿಸಿ. ತನ್ನ ಬಿಸಿಗೆ ತಾನೇ ಒಣಗುತ್ತದೆ.

ಪೆಟ್ಟಿಗೆ ಮುಚ್ಚುವ ಮುಂಚೆ ಒಂದು ಕೆಲಸ ಬಾಕಿ. ಪ್ರತಿ ಲೈಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲೇ ಬರೆಯಿರಿ: ಇದು ಯಾವ ಪಾಲಿನದ್ದು, ಯಾವ ಮೋಡು, ಮೂರು ಬಣ್ಣದ ಬೆಲೆ ಎಷ್ಟು, ಯಾವ ಸ್ವಿಚ್ಚಿಗೆ. ದೀಪಾವಳಿ ಕಳೆದು ಪೆಟ್ಟಿಗೆ ತೆರೆಯುವಾಗ ನೀವು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿರುತ್ತೀರಿ, ಇಲ್ಲಿ ಮೈಕಿಗೆ ಬೇರೆ ಹುಡುಗ ಬಂದಿರುತ್ತಾನೆ. ದಯಮಾಡಿ ಅವನಿಗಾಗಿ ಬರೆದಿಡಿ.